ಮನೆ ಗಂಟೆ, ಲೋಕದ ಗಂಟೆ

ಗಂಡ ಹೆಂಡತಿ ಇಬ್ಬರಿಗೂ ಒಂದೇ ಹವ್ಯಾಸ ಇದ್ದರೆ ಸಂಸಾರ ಸುಖವಾಗಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೇಳಿದವರ ಮನೆಯಲ್ಲಿ ಯಾವ ಹವ್ಯಾಸ ಇತ್ತೋ ನನಗೆ ಗೊತ್ತಿಲ್ಲ. ಹೂವಿನ ಗಿಡ ಬೆಳೆಸುವುದೋ, ಹಳೆಯ ಅಂಚೆಚೀಟಿ ಕೂಡಿಡುವುದೋ ಇದ್ದಿರಬೇಕು. ಗಿಡಕ್ಕೆ ಇಬ್ಬರೂ ನೀರು ಹಾಕಬಹುದು. ಜಾಸ್ತಿಯಾದರೆ ಗಿಡ ಕೊಳೆಯುತ್ತದೆಯೇ ಹೊರತು ಸಂಸಾರಕ್ಕೇನೂ ಆಗುವುದಿಲ್ಲ. ನಮ್ಮ ಮನೆಯ ಹವ್ಯಾಸ ಹ್ಯಾಮ್ ರೇಡಿಯೋ. ಇದರಲ್ಲಿ ಸೆಟ್ಟು ಒಂದು, ಮೈಕು ಒಂದು, ಬಾಯಿ ಎರಡು. ಸಾಲದ್ದಕ್ಕೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು, ಮಾತಾಡುವವರು 'ಓವರ್' ಎಂದು ಮೈಕಿನಲ್ಲಿ ಒತ್ತಿಹಿಡಿದ ಗುಂಡಿ ಬಿಟ್ಟ ಮೇಲೆಯೇ ಮುಂದಿನವರು ಶುರುಮಾಡಬೇಕು ಎಂಬುದು ಈ ಹವ್ಯಾಸದ ಮೊದಲ ಪಾಠ. ಮದುವೆಯಾಗಿ ಹತ್ತೊಂಬತ್ತು ವರ್ಷ ಇಂಥ ಯಾವ ಪಾಠವೂ ಇಲ್ಲದೆ ಬದುಕಿದ ಇಬ್ಬರನ್ನು ಇದ್ದಕ್ಕಿದ್ದಂತೆ ಇದಕ್ಕೆ ಒಗ್ಗಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ.

ಹ್ಯಾಮ್ ರೇಡಿಯೋ ಎಂದರೆ ಹಾಡು ಕೇಳುವ ರೇಡಿಯೋ ಅಲ್ಲ. ಸರ್ಕಾರದ ಪರೀಕ್ಷೆ ಬರೆದು, ಪಾಸಾಗಿ, ಲೈಸೆನ್ಸ್ ಪಡೆದು, ನಮಗೆಂದೇ ಕೊಟ್ಟ ಕರೆ ಸಂಕೇತ ಹೇಳಿಕೊಂಡು, ಮನೆಯಲ್ಲೇ ಕೂತು ಊರೂರಿನ, ದೇಶದೇಶದ ಗುರುತಿಲ್ಲದ ಜನರ ಜೊತೆ ಮಾತಾಡುವ ವಿದ್ಯೆ. "ಅದನ್ನ ಫೋನಿನಾಗೇ ಮಾತಾಡಬೌದಲ್ರೀ ಸರ್?" ಎಂದು ಕೇಳದವರು ಚನ್ನಗಿರಿಯಲ್ಲಿ ಯಾರೂ ಉಳಿದಿಲ್ಲ. ಫೋನಿನಲ್ಲಿ ಗುರುತಿದ್ದವರ ಜೊತೆ ಮಾತಾಡಬೇಕಾಗುತ್ತದೆ, ಅದೇ ಅದರ ತೊಂದರೆ ಎಂದು ನಾನು ಉತ್ತರ ಕೊಡುತ್ತೇನೆ. ಗುರುತಿದ್ದವರು ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಿಟ್ಟು ಮಗಳ ಮಾರ್ಕ್ಸು, ಮಂಡಿನೋವು, ಜಮೀನಿನ ಪೋಡಿ ಇಂಥದ್ದನ್ನೆಲ್ಲ ತೆಗೆಯುತ್ತಾರೆ. ಗುರುತಿಲ್ಲದವರು ಹಾಗಲ್ಲ. ನಿಮ್ಮ ಆಂಟೆನಾ ಎಷ್ಟು ಎತ್ತರ ಇದೆ ಎಂದು ಕೇಳುತ್ತಾರೆ. ಹೇಳಿದರೆ ಸಂತೋಷಪಡುತ್ತಾರೆ. ಹತ್ತಿರದ ಬಂಧುಗಳಲ್ಲಿ ಇಷ್ಟು ಸುಲಭವಾಗಿ ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ನಾನು ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಗಿರಿಜಾ ನಲ್ಲೂರಿನಲ್ಲಿ ಗಣಿತದ ಟೀಚರ್. ಅವಳನ್ನು ನಾನು ಈ ಹವ್ಯಾಸಕ್ಕೆ ಎಳೆದದ್ದು ಪ್ರೀತಿಯಿಂದ ಎಂದು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಎಳೆದದ್ದು ತಂತಿಗಾಗಿ. ಆಂಟೆನಾ ಎಂದರೆ ನಮ್ಮ ಮಟ್ಟಿಗೆ ತಾರಸಿಯ ಈ ತುದಿಯಿಂದ ಆ ತುದಿಗೆ ಎಳೆದ ಉದ್ದನೆಯ ತಂತಿ, ಮತ್ತು ಅದೇ ಜಾಗದಲ್ಲಿ ಗಿರಿಜಾಳ ಬಟ್ಟೆ ಒಣಹಾಕುವ ತಂತಿ ಇತ್ತು. "ಬಟ್ಟೆ ಎಲ್ಲಿ ಒಣಗ್ಸಾಕೆ ಹೇಳ್ತೀರಿ?" ಎಂದು ಅವಳು ಕೇಳಿದ ಕೂಡಲೇ ನನಗೆ ಹೊಳೆದ ಉಪಾಯವೆಂದರೆ, "ನೀನೂ ಪರೀಕ್ಷೆ ಕಟ್ಟು ಮಾರಾಯ್ತಿ, ಇಬ್ಬರೂ ಕೂತು ಮಾತಾಡಬೌದು" ಎನ್ನುವುದು. ಅವಳು ಕಟ್ಟಿದಳು. ನೋಟ್ಸ್ ಮಾಡಿಕೊಂಡು, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಓದಿದಳು. ಮೊದಲ ಸಲಕ್ಕೇ ಪಾಸಾದಳು. ನಾನು ವಿಜ್ಞಾನದ ಮೇಷ್ಟ್ರು, ಓದದಿದ್ದರೂ ನಡೆಯುತ್ತದೆ ಎಂದುಕೊಂಡು ಹೋಗಿ ನಿಯಮಾವಳಿಯ ಭಾಗದಲ್ಲಿ ಡುಮ್ಕಿ ಹೊಡೆದೆ. ಎರಡನೇ ಸಲ ಅವಳ ನೋಟ್ಸ್ ಓದಿಯೇ ಪಾಸಾದೆ. ಈ ಎರಡನೇ ಸಲದ ವಿಷಯವನ್ನು ನಾನು ಗಾಳಿಯಲ್ಲಿ, ಅಂದರೆ ರೇಡಿಯೋದಲ್ಲಿ, ಯಾರಿಗೂ ಹೇಳಲು ಹೋಗುವುದಿಲ್ಲ. ಯಾರಾದರೂ ಕೇಳಿದರೆ, "ಅವಳಿಗೂ ನಾನೇ ಕಲಿಸಿದೆ" ಎಂದು ಮುಗಿಸಿಬಿಡುತ್ತೇನೆ.

ಇನ್ನು ಗಡಿಯಾರದ ವಿಷಯ. ನಮ್ಮ ಮನೆಗೆ ಬಂದವರು ಸೆಟ್ಟಿನ ಮೇಲೆ ಗೋಡೆಗೆ ತೂಗುಹಾಕಿದ ಎರಡು ಗಡಿಯಾರ ನೋಡಿ ಗಾಬರಿಯಾಗುತ್ತಾರೆ. ಒಂದು ಹನ್ನೆರಡು ತೋರಿಸಿದರೆ ಇನ್ನೊಂದು ಆರೂವರೆ ತೋರಿಸುತ್ತದೆ. ಹ್ಯಾಮ್‌ಗಳು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಮಾತಾಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಬರೆಯುವಾಗ ಎಲ್ಲರೂ ಒಂದೇ ವೇಳೆ ಬರೆಯಬೇಕು. ಆ ವೇಳೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅದಕ್ಕೆ ನಮ್ಮ ಮನೆಯಲ್ಲಿ ಲೋಕದ ಗಂಟೆ ಎಂದು ಹೆಸರು. ನಮ್ಮ ನಿಮ್ಮ ಬಸ್ಸು, ಶಾಲೆ, ಊಟ ನಡೆಯುವುದು ಮನೆ ಗಂಟೆಯಲ್ಲಿ. ಒಮ್ಮೆ ಬಸವಾಪಟ್ಟಣದಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಮಧ್ಯಾಹ್ನ ಆ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದರು. ಮೂರು ಗಂಟೆಗೆ ಎಚ್ಚರವಾಗಿ ಗೋಡೆ ನೋಡಿದರೆ ಒಂಬತ್ತೂವರೆ. "ಅಯ್ಯೋ ಶಿವನೇ, ಕಡೇ ಬಸ್ಸೂ ಹೋತಲ್ಲೋ, ಎಬ್ಬಿಸಬಾರ್ದಾ?" ಎಂದು ಚೀಲ ಹಿಡಿದು ಹೊರಗೆ ಓಡಿಬಂದವರು ಸುಡುಬಿಸಿಲು ನೋಡಿ ಬಾಗಿಲಲ್ಲೇ ಕೂತುಬಿಟ್ಟರು. ಆಮೇಲೆ ಅವರು ನಮ್ಮ ಮನೆಗೆ ಬಂದಾಗಲೆಲ್ಲ ತಮ್ಮ ಕೈಗಡಿಯಾರವನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾರೆ.

ಚಿಕ್ಕಪ್ಪನಿಗೆ ಒಂದು ದಿನ ಆದದ್ದು ನನಗೆ ದಿನಾ ಆಗುತ್ತಿತ್ತು. ಪುಸ್ತಕದಲ್ಲಿ ನಾನು ಬರೆಯುವುದೆಲ್ಲ ಮನೆ ಗಂಟೆಯೇ. ಕೈ ಹಾಗೆ ಹೋಗುತ್ತದೆ. ಜಪಾನಿನ ಒಬ್ಬರ ಜೊತೆ ಮಾತಾಡಿ, ಆ ಮಾತುಕತೆಯ ನೆನಪಿಗೆ ವಾಡಿಕೆಯಂತೆ ಕಾರ್ಡು ಕಳಿಸಿದರೆ, "ತಾವು ಹೇಳುವ ಹೊತ್ತಿನಲ್ಲಿ ನಾನು ಮಲಗಿದ್ದೆ" ಎಂದು ಆತ ಬಹಳ ವಿನಯದಿಂದ ತಿರುಗಿ ಬರೆದರು. ಗಿರಿಜಾ ಆ ಕಾರ್ಡನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. "ರೀ, ಈ ಪುಸ್ತಕದಾಗೆ ಏನೇ ಬರದ್ರೂ ಲೋಕದ ಗಂಟೆಯಾಗೇ ಬರೀಬೇಕು. ಎಂಟನೇ ಕ್ಲಾಸಿನ ಹುಡುಗ್ರಿಗೆ ಹೇಳಿದ್ರೆ ಒಂದೇ ಸಲಕ್ಕೆ ತಿಳ್ಕಂತಾವೆ" ಎಂದಳು. ಅವಳ ಪುಟಗಳನ್ನು ನೋಡಿದರೆ ನನಗೂ ನಾಚಿಕೆಯಾಗುತ್ತಿತ್ತು. ಒಂದೂ ಹೊಡೆದು ಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ಇನ್ನು ಮುಂದೆ ಈ ಪುಸ್ತಕದಲ್ಲಿ ಕಂಡದ್ದನ್ನೆಲ್ಲ ಲೋಕದ ಗಂಟೆ ಎಂದೇ ತಿಳಿಯಬೇಕು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಮಾಡಿದ್ದನ್ನು ಅವಳಿಗೆ ಹೇಳಲಿಲ್ಲ. ಮಾಡಿ ತೋರಿಸಿ ಬೆರಗುಗೊಳಿಸೋಣ ಎಂದು ನನ್ನ ಆಸೆ.

ಅಷ್ಟರಲ್ಲಿ ಗಿರಿಜಾಳ ತಂಗಿ ಸುಮಾ ಜಗಳೂರಿನಲ್ಲಿ ಮನೆ ಕಟ್ಟಿಸಿದಳು. ಸುಮಾ ಅಲ್ಲಿ ನರ್ಸು. ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ. ಇಟ್ಟಿಗೆ ಇಳಿಸುವುದರಿಂದ ಹಿಡಿದು ಬಾಗಿಲಿಗೆ ಬಣ್ಣ ಹೊಡೆಸುವವರೆಗೆ ಡ್ಯೂಟಿ ನಡುವೆ ಒಬ್ಬಳೇ ಓಡಾಡಿ ಮಾಡಿಸಿದ ಮನೆ ಅದು. ಅವರ ವಂಶದಲ್ಲಿ ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ಎದ್ದ ಮೊದಲ ಮನೆ. ಆದರೆ ಗೃಹಪ್ರವೇಶದ ಪೂಜೆಗೆ ದಂಪತಿ ಕೂರಬೇಕು ಎಂದು ಪೂಜೆ ಮಾಡಿಸುವ ಅಯ್ನೋರು ಹೇಳಿದರು. ಸುಮಾ ಅಕ್ಕನಿಗೆ ಫೋನ್ ಮಾಡಿ, "ನೀನೂ ಭಾವನೂ ಕೂರ್ರಿ. ನಂಗೆ ಬ್ಯಾರೆ ಯಾರೂ ಬ್ಯಾಡ" ಎಂದಳಂತೆ. ಇದನ್ನು ಹೇಳುವಾಗ ಗಿರಿಜಾಳ ಕಣ್ಣು ತುಂಬಿತ್ತು. ನನಗೂ ಹೆಮ್ಮೆಯಾಯಿತು. ಈ ಭೂಮಿಯ ಮೇಲೆ ನಾನು ಬರಲೇಬೇಕು ಎಂದು ಯಾರಾದರೂ ಹೇಳುವುದು ಅಪರೂಪ. ಶಾಲೆಯ ಹೆಡ್‌ಮಾಸ್ಟರು ಹೇಳುತ್ತಾರೆ, ಆದರೆ ಅದರ ಧಾಟಿ ಬೇರೆ.

ಗಿರಿಜಾ ಕೆಲಸಕ್ಕೆ ನೆರವಾಗಲು ಎರಡು ದಿನ ಮೊದಲೇ ಹೊರಟಳು. ಮನೆಯ ದೊಡ್ಡ ಸೆಟ್ಟು ಒಂದೇ ಆದರೂ ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟು ಇಬ್ಬರಿಗೂ ಒಂದೊಂದಿತ್ತು, ತನ್ನದನ್ನು ಅವಳು ಚೀಲಕ್ಕೆ ಹಾಕಿಕೊಂಡಳು. ನನಗೆ ಶಾಲೆ ಇತ್ತು, ಪೂಜೆಯ ದಿನ ಭಾನುವಾರ ಸ್ಕೂಟರಿನಲ್ಲಿ ಬರುವುದೆಂದು ಮಾತಾಯಿತು. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದರೆ ನಾನು ಓದುವುದಿಲ್ಲ, ಕುಟುಂಬದ ವಾಟ್ಸಾಪ್ ಗುಂಪಿನ ಸದ್ದನ್ನು ನಾನು ಎಂದೋ ಅಡಗಿಸಿದ್ದೇನೆ, ನಾನು ದಿನಾ ತಪ್ಪದೆ ತೆರೆಯುವುದು ಹ್ಯಾಮ್ ಪುಸ್ತಕ ಒಂದನ್ನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಹೋಗುವ ಮುನ್ನ ಆ ಪುಸ್ತಕದಲ್ಲೇ, ಭಾನುವಾರದ ಸಾಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: 'ಜಗಳೂರು, ಸುಮಾ ಮನೆ, ಪೂಜೆಗೆ ಕೂರುವುದು, 11.30.'

ನಾನು ನೋಡಿದೆ. ನನ್ನ ಶಪಥ ನೆನಪಾಯಿತು. ಈ ಪುಸ್ತಕದಲ್ಲಿ ಗಿರಿಜಾ ಬರೆದ ಮೇಲೆ ಅದು ಲೋಕದ ಗಂಟೆಯೇ. ಹನ್ನೊಂದೂವರೆಗೆ ಐದೂವರೆ ಕೂಡಿಸಿದರೆ ಸಂಜೆ ಐದು. ಗೋಧೂಳಿ ಮುಹೂರ್ತ! ಎಷ್ಟು ಒಳ್ಳೆಯ ಮುಹೂರ್ತ ಸಿಕ್ಕಿದೆ ಎಂದು ಸಂತೋಷಪಟ್ಟೆ. ಶನಿವಾರ ಸಂಜೆ ಅವಳ ಫೋನು ಬಂತು. "ರೀ, ಬರದಿದ್ದು ನೋಡಿದ್ರಲ್ಲ? ನಿಮ್ಮ ಹಳೇ ಗೊಂದಲ ಮಾಡ್ಕಬ್ಯಾಡ್ರಿ" ಎಂದಳು. "ಈ ಸಲ ಎಲ್ಲ ಸರಿಯಾಗಿ ಕೂಡಿಸ್ಕಂಡಿದೀನಿ, ನೀನೇನೂ ಯೋಚ್ನೆ ಮಾಡಬ್ಯಾಡ" ಎಂದು ನಾನು ಗತ್ತಿನಿಂದ ಹೇಳಿದೆ. ಕೂಡಿಸಿಕೊಂಡಿದ್ದೇನೆ ಎಂಬ ಮಾತಿಗೆ ಗಣಿತದ ಟೀಚರ್ ಕಿವಿ ನಿಮಿರಬೇಕಿತ್ತು. ಆದರೆ ಅವಳ ಹಿಂದೆ ಯಾರೋ ಪಾತ್ರೆಗಳನ್ನು ಬೀಳಿಸಿದ ಸದ್ದಾಯಿತು, ಫೋನಿಟ್ಟಳು.

ಸಂಜೆ ಐದಕ್ಕೆ ಪೂಜೆ ಎಂದರೆ ಭಾನುವಾರವೆಲ್ಲ ನನ್ನದೇ. ಜಗಳೂರು ಹತ್ತು ಕಿಲೋಮೀಟರ್ ಇರುವಾಗ ರಸ್ತೆಯ ಎಡಕ್ಕೆ ಒಂದು ಬೋಳು ಗುಡ್ಡ ಇದೆ. ಮರವಿಲ್ಲ, ಮನೆಯಿಲ್ಲ, ಕುರಿ ಮಾತ್ರ. ಬೇರೆಯವರು ಅದನ್ನು ನೋಡಿದರೆ ಬಿಸಿಲು ಎನ್ನುತ್ತಾರೆ. ಹ್ಯಾಮ್ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಎತ್ತರದಲ್ಲಿ ನಿಂತರೆ ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟೂ ಬಹಳ ದೂರ ಮುಟ್ಟುತ್ತದೆ. ಬೆಳಿಗ್ಗೆಯೇ ಹೊರಟು ಹೋಗಿ, ಗುಡ್ಡದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ, ಫೋನು ಜೇಬಿನಿಂದ ಜಾರೀತೆಂದು ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಸೆಟ್ಟು ಹಿಡಿದು ಹತ್ತಿದೆ. ತುದಿಯಲ್ಲಿ ನಿಂತು ಕರೆದ ಎರಡನೇ ಕೂಗಿಗೇ ಉತ್ತರ ಬಂತು. ನ್ಯಾಮತಿಯ ಹತ್ತಿರದ ಒಬ್ಬ ಹಿರಿಯರು! ಮನೆಯ ಮೇಲೆ ದೊಡ್ಡ ಕಂಬ ನಿಲ್ಲಿಸಿ ಆಂಟೆನಾ ಕಟ್ಟಿದವರು. ಅಂಗೈಯಗಲದ ಸೆಟ್ಟಿನಲ್ಲಿ ಜಿಲ್ಲೆಯ ಈ ತುದಿಯಿಂದ ಆ ತುದಿಗೆ! ನನ್ನ ಖುಷಿ ಹೇಳತೀರದು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನಿಗೂ ಹೇಳಿದೆ. "ನ್ಯಾಮ್ತಿಯಾಗೆ ಮಳಿ ಹೆಂಗೈತಂತೆ ಕೇಳ್ರಿ" ಎಂದರು ಅವರು. ಅದನ್ನೂ ಕೇಳಿದೆ.

ಆ ಹಿರಿಯರು ಸಾವಧಾನದ ಮನುಷ್ಯರು. ನಾನೋ ಮಾತಿಗೆ ಬಿದ್ದವನು. "ಆರಾಮಾಗಿ ಮಾತಾಡಿ ಸರ್, ನನಗೇನೂ ಅವಸರವಿಲ್ಲ" ಎಂದೆ. "ನಾದಿನಿ ಮನೆ ಪೂಜೆ, ಸಂಜೆಗೆ ಇದೆ. ನಮ್ಮ ಮನೆಯವರು ಎರಡು ದಿನ ಮೊದಲೇ ಹೋಗಿ ಕೂತಿದ್ದಾರೆ, ಹೆಂಗಸರಿಗೆ ಗಡಿಬಿಡಿ ಜಾಸ್ತಿ" ಎಂದೆ. "ಅವರೂ ಹ್ಯಾಮಾ?" ಎಂದು ಅವರು ಕೇಳಿದರು. "ಹೌದು ಸರ್, ನಾನೇ ಕಲಿಸಿದೆ. ಪರೀಕ್ಷೆಗೆ ಬಹಳ ಹೆದರಿದ್ದರು, ಕೂರಿಸಿಕೊಂಡು ನಿಯಮಾವಳಿಯೆಲ್ಲ ಹೇಳಿಕೊಟ್ಟೆ" ಎಂದೆ. ಇಷ್ಟರಲ್ಲಿ, ಅವರು ಶುರುಮಾಡುವ ಹೊತ್ತಿಗೆ ಸರಿಯಾಗಿ, ಇನ್ನೊಂದು ದನಿ ನಡುವೆ ತೂರಿ ಬಂತು. ಎರಡು ದನಿ ಒಟ್ಟಿಗೆ ಬಂದರೆ ಕೀಚು ಸದ್ದಷ್ಟೇ ಕೇಳುತ್ತದೆ. ಯಾರೋ 'ಬ್ರೇಕ್' ಎಂದು ಹೇಳಿದಂತಿತ್ತು. ನಡುವೆ ಮಾತಾಡಲು ಅವಕಾಶ ಕೇಳುವವರು ಹಾಗೆ ಹೇಳುವುದು ರೂಢಿ. ನಾನು ದೊಡ್ಡ ಮನುಷ್ಯನ ಧಾಟಿಯಲ್ಲಿ, "ಬ್ರೇಕ್ ಹೇಳಿದ ಸ್ಟೇಷನ್ ಸ್ವಲ್ಪ ಕಾಯಬೇಕು. ಇಲ್ಲಿ ಮುಖ್ಯವಾದ ಮಾತುಕತೆ ನಡೆದಿದೆ" ಎಂದೆ. ಇನ್ನೊಂದು ಸಲ ಬಂತು. ಇನ್ನೊಂದು ಸಲ ಕಾಯಿಸಿದೆ. ಹಿರಿಯರು ಆಂಟೆನಾದ ಎತ್ತರ ಕೇಳಿದ್ದರು, ಹೇಳದೆ ಬಿಡಲಾದೀತೇ?

ಮೂರನೇ ಸಲ ಆ ದನಿ ಅವಕಾಶ ಕೇಳಲಿಲ್ಲ. ನಾನು ಗುಂಡಿ ಬಿಟ್ಟ ಅರೆಕ್ಷಣದಲ್ಲಿ ನನ್ನ ಕರೆ ಸಂಕೇತವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿತು. ಆಮೇಲೆ ತನ್ನದನ್ನು ಹೇಳಿತು. ಗಿರಿಜಾಳದ್ದು.

ಗಾಳಿಯಲ್ಲಿ ಬೈಯುವಂತಿಲ್ಲ. ಅದು ನಿಯಮ. ಅವಳು ನಿಯಮ ಮುರಿಯುವವಳಲ್ಲ. ಶಾಲೆಯಲ್ಲಿ ಪ್ರಮೇಯ ಹೇಳುವ ಅದೇ ಸಮಾಧಾನದ ದನಿಯಲ್ಲಿ ಹೇಳಿದಳು: "ನಿಮ್ಮ ಸಿಗ್ನಲ್ ಬಹಳ ಚೆನ್ನಾಗಿ ಬರುತ್ತಿದೆ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತಿದೆ. ಇಲ್ಲಿ ನನ್ನ ಸುತ್ತ ಇರುವ ಅರವತ್ತು ಜನಕ್ಕೂ ಕೇಳುತ್ತಿದೆ. ನಾನು ಜಗಳೂರಿನಲ್ಲಿ, ಸುಮಾಳ ಮನೆಯ ತಾರಸಿಯ ಮೇಲೆ ಇದ್ದೇನೆ. ಈಗ ಲೋಕದ ಗಂಟೆ ಆರೂ ಐದು. ಮನೆ ಗಂಟೆ ಹನ್ನೊಂದೂ ಮೂವತ್ತೈದು. ಅಯ್ಯನವರು ಅಡಿಕೆ ಹುಡುಕುತ್ತಿದ್ದಾರೆ. ಓವರ್."

ಹನ್ನೊಂದೂವರೆ ಎಂದರೆ ಹನ್ನೊಂದೂವರೆಯೇ ಆಗಿತ್ತು! ಅಡಿಕೆ ಯಾಕೆಂದು ಮಾತ್ರ ತಿಳಿಯಲಿಲ್ಲ. ಗಿರಿಜಾಳ ಪುಟ್ಟ ಸೆಟ್ಟು ನ್ಯಾಮತಿಗೆ ಮುಟ್ಟುವುದಿಲ್ಲ, ಹಾಗಾಗಿ ಇಷ್ಟೆಲ್ಲ ಆದದ್ದು ಹಿರಿಯರಿಗೆ ಕೇಳಿಸಿರಲಿಲ್ಲ. "ಏನಾತ್ರೀ ಸರ್, ಸುಮ್ನಾಗಿಬಿಟ್ರಿ? ಎತ್ತರ ಹೇಳ್ತಿದ್ರಿ" ಎಂದು ಅವರು ಕರೆಯುತ್ತಲೇ ಇದ್ದರು. ಅವರಿಗೆ ವಿದಾಯವನ್ನೂ ಹೇಳದೆ ಗುಡ್ಡ ಇಳಿದೆ. ಹ್ಯಾಮ್ ಆಗಿ ನಾನು ಮಾಡಿದ ಅತಿ ದೊಡ್ಡ ಅಸಭ್ಯತೆ ಅದು. ಡಿಕ್ಕಿ ತೆಗೆದರೆ ಫೋನಿನಲ್ಲಿ ಹತ್ತೊಂಬತ್ತು ಕರೆಗಳು ಕಾದಿದ್ದವು. ಸ್ಕೂಟರ್ ಓಡಿಸುತ್ತ ನನ್ನ ಕಣ್ಣ ಮುಂದೆ ಬಂದದ್ದು ಗಿರಿಜಾಳ ಸಿಟ್ಟಲ್ಲ, ಸುಮಾಳ ಮುಖ. ಬೇರೆ ಯಾರೂ ಬೇಡ ಎಂದಿದ್ದಳು ಆ ಹುಡುಗಿ.

ಹೋಗಿ ಮುಟ್ಟಿದಾಗ ಪೂಜೆ ಅರ್ಧ ಮುಗಿದಿತ್ತು. ಹೊಸ ಮನೆಯ ನಡುಮನೆಯಲ್ಲಿ ಎರಡು ಮಣೆ. ಒಂದರ ಮೇಲೆ ರೇಷ್ಮೆ ಸೀರೆ ಉಟ್ಟ ಗಿರಿಜಾ. ಇನ್ನೊಂದರ ಮೇಲೆ ನನಗೆಂದು ತಂದಿದ್ದ ಜರಿ ಶಲ್ಯವನ್ನು ಮಡಿಸಿಟ್ಟು, ಅದರ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಒಂದು ಅಡಿಕೆ. ಅಡಿಕೆಗೆ ವಿಭೂತಿ ಹಚ್ಚಿ ಹೂವಿಟ್ಟಿದ್ದರು. ಗಿರಿಜಾಳ ಸೆರಗಿಗೂ ಆ ಶಲ್ಯಕ್ಕೂ ಗಂಟು ಹಾಕಿತ್ತು. ದಂಪತಿಯಲ್ಲಿ ಒಬ್ಬರು ಬರದಿದ್ದರೆ ಅವರ ಬದಲು ಅಡಿಕೆ ಇಟ್ಟು ಪೂಜೆ ಸಾಗಿಸುವ ಪದ್ಧತಿ ಇದೆಯೆಂದು ನನಗೆ ಅವತ್ತೇ ತಿಳಿದದ್ದು. ನಾನು ಚಪ್ಪಲಿ ಬಿಟ್ಟು, ಧೂಳು ಕೊಡವಿಕೊಂಡು, ಆ ಮಣೆಯ ಕಡೆ ಹೋದೆ. ಅಯ್ನೋರು ಕೈ ಎತ್ತಿ ತಡೆದರು.

"ಅಡಿಕೆ ಹೆಸರಿನಾಗೆ ಸಂಕಲ್ಪ ಆಗೈತ್ರೀ ಮೇಷ್ಟ್ರೇ. ಮಧ್ಯದಾಗೆ ಬದಲು ಮಾಡಾಕೆ ಬರಂಗಿಲ್ಲ. ಸ್ವಲ್ಪ ಕಾಯ್ರಿ. ಇಲ್ಲಿ ಮುಖ್ಯವಾದ ಮಾತುಕತೆ ನಡದೈತೆ."

ಅರವತ್ತು ಜನ ನಕ್ಕರು. ಅಯ್ನೋರೂ ತಾರಸಿಗೆ ಹೋಗಿ ಕೇಳಿಸಿಕೊಂಡಿದ್ದರು ಎಂದಾಯಿತು. ನಾನು ಹಿಂದಿನ ಗೋಡೆಗೆ ಒರಗಿ ಕೂತೆ. ಸುಮಾ ನೀರು ತಂದುಕೊಟ್ಟಳು. "ಸುಮಾ, ತಪ್ಪಾತಮ್ಮ" ಎಂದೆ. "ಇರ್ಲಿ ಬಿಡ್ರಿ ಭಾವ, ನೀವು ದಾರಿಯಾಗೆ ಬಿದ್ದೀರೇನೋ ಅಂತ ಜೀವ ಹೋಗಿತ್ತು ನಂಗೆ. ನಿಮ್ಮ ದನಿ ಕೇಳಿದ ಮ್ಯಾಲೆ ಸಮಾಧಾನ ಆತು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಹಾಲು ಉಕ್ಕಿತು, ಸುಮಾ ಕಣ್ಣೊರೆಸಿಕೊಂಡು ನಕ್ಕಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು, "ಮೇಷ್ಟ್ರೇ, ನ್ಯಾಮ್ತಿಯಾಗೆ ಮಳಿ ಹೆಂಗೈತಂತೆ?" ಎಂದು ಕೇಳಿದರು.

ಸಂಜೆ ತಾರಸಿಯ ಮೇಲೆ ಇಬ್ಬರದೂ ವಿಚಾರಣೆ ನಡೆಯಿತು. "ಲೋಕದ ಗಂಟೆ ಬರದ್ರೆ ನೀವು ಗೊಂದಲ ಮಾಡ್ಕಂತೀರ ಅಂತ, ನಿಮಗೋಸ್ಕರ ಅಂತ್ಲೇ ಮನೆ ಗಂಟೆ ಬರದಿದ್ದೆ ಕಣ್ರೀ. ಆ ಪುಸ್ತಕದಾಗೆ ನಾನು ತಪ್ಪು ಬರದಿದ್ದು ಅದೊಂದೇ ಸಾಲು" ಎಂದಳು ಗಿರಿಜಾ. "ನೀನು ಯಾವಾಗ್ಲೂ ಲೋಕದ ಗಂಟೆ ಬರಿಯೋಳು ಅಂತ, ನಿನಗೋಸ್ಕರಾನೇ ನಾನು ಕೂಡಿಸಿದ್ದು" ಎಂದೆ ನಾನು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ನನ್ನಂತೆ ಯೋಚಿಸಿದ್ದಳು, ನಾನು ಅವಳಂತೆ ಯೋಚಿಸಿದ್ದೆ, ಅದೂ ಒಂದೇ ದಿನ. ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು. ಅದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು, "ಟೈಮ್ ತಪ್ಪಿದ್ದಕ್ಕೆ ನಂಗೆ ಸಿಟ್ಟಿಲ್ಲ. ಎರಡು ಸಲ ಬ್ರೇಕ್ ಅಂದೆ. ಎರಡು ಸಲಾನೂ ಕಾಯ್ಸಿದ್ರಿ" ಎಂದಳು. ನಾನು ಗಾಳಿಯಲ್ಲಿ ಕೊಚ್ಚಿಕೊಂಡ ಪರೀಕ್ಷೆಯ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಆ ಅಡಿಕೆಯನ್ನು ಏನು ಮಾಡಬೇಕೆಂದು ಅಯ್ನೋರನ್ನು ಕೇಳಿದ್ದಕ್ಕೆ, ಯಾರ ಬದಲು ಕೂತಿತ್ತೋ ಅವರ ಮನೆಯಲ್ಲೇ ಇರಬೇಕು, ಪೂಜೆಯ ಫಲ ಅದಕ್ಕೇ ಸೇರಿದೆ ಎಂದರಂತೆ. ಈಗ ಅದು ಸೆಟ್ಟಿನ ಮೇಲೆ, ಎರಡು ಗಡಿಯಾರಗಳ ಕೆಳಗೆ, ಸಣ್ಣ ಹಿತ್ತಾಳೆ ಬಟ್ಟಲಲ್ಲಿ ಕೂತಿದೆ. ಮೊನ್ನೆ ಗಿರಿಜಾ ಮೈಕು ಹಿಡಿದು ಮುಕ್ಕಾಲು ಗಂಟೆಯಾಗಿತ್ತು. ನ್ಯಾಮತಿಯ ಆ ಹಿರಿಯರೇ ಆ ಕಡೆ ಇದ್ದರು, ಅವರಿಗೆ ಅವಳ ಸ್ಪಷ್ಟವಾದ ಮಾತು ಬಹಳ ಹಿಡಿಸಿದೆ. ನನಗೂ ಅವರ ಹತ್ತಿರ ಕ್ಷಮೆ ಕೇಳುವುದಿತ್ತು, ಎತ್ತರ ಹೇಳುವುದೂ ಬಾಕಿ ಇತ್ತು. ಮೆಲ್ಲಗೆ ಬೆರಳೆತ್ತಿದೆ. ಅವಳು ಮಾತು ನಿಲ್ಲಿಸಲಿಲ್ಲ, ಗುಂಡಿ ಬಿಡಲಿಲ್ಲ. ಎಡಗೈಯಿಂದ ಬಟ್ಟಲನ್ನು ನನ್ನ ಕಡೆ ಒಂದಿಷ್ಟು ಸರಿಸಿದಳು, ಅಷ್ಟೇ. ನಾನು ಕುರ್ಚಿ ಎಳೆದುಕೊಂಡು ಅದರ ಪಕ್ಕ ಕೂತೆ. ಅಡಿಕೆಯೂ ನಾನೂ ಮಾತಾಡದೆ ಕಾದೆವು. ಅದು ನನಗಿಂತ ಚೆನ್ನಾಗಿ ಕಾಯುತ್ತಿತ್ತು.